ಜಯಮಂಗಲಿ ಎಂಬ ಮರಳಿನ ಹೊಳೆ

ವರ್ಷದಲ್ಲಿ ಮುನ್ನೂರು ದಿನ ನೀರೇ ಹರಿಯದ ಜಾಗವನ್ನು ನದಿ ಎಂದು ಕರೆಯಬಹುದೇ? ಕರಾವಳಿಯಿಂದಲೋ ಮಲೆನಾಡಿನಿಂದಲೋ ನಮ್ಮ ಕಡೆ ಬರುವ ಗೆಳೆಯರು ತಪ್ಪದೆ ಕೇಳುವ ಪ್ರಶ್ನೆ ಇದು. ಕೊರಟಗೆರೆಯಿಂದ ಮಧುಗಿರಿಗೆ ಹೋಗುವಾಗ ಬಸ್ಸು ಒಂದು ಸೇತುವೆ ದಾಟುತ್ತದೆ. ಕೆಳಗೆ ಜಾಲಿ ಮುಳ್ಳು, ಆಪು ಹುಲ್ಲು, ಅಲ್ಲಲ್ಲಿ ಹೊಂಡ, ಒಂದೆರಡು ಮೇಕೆ. ಉಡುಪಿ ಕಡೆಯ ಗೆಳೆಯರೊಬ್ಬರು "ನದಿ ಎಲ್ಲಿ?" ಎಂದು ಕಿಟಕಿಯಿಂದ ಇಣುಕಿದರು. "ನೀವು ನೋಡುತ್ತಿರುವುದೇ ನದಿ" ಎಂದೆವು. ತಮಾಷೆ ಮಾಡುತ್ತಿದ್ದೇವೆ ಎಂದುಕೊಂಡು ಅವರು ನಕ್ಕರು.

ಅವರನ್ನು ದೂರುವಂತಿಲ್ಲ. ನದಿ ಎಂದರೆ ಏನೆಂಬುದನ್ನು ನಾವು ಕೂಡ ಬೇರೆಯವರ ನದಿಗಳನ್ನು ನೋಡಿಯೇ ಕಲಿತವರು. ಉರ್ದು ಶಾಲೆಯಲ್ಲಿ ಉಸ್ತಾದರು 'ದರಿಯಾ' ಎಂಬ ಪಾಠ ಮಾಡುವಾಗ ಗಂಗಾ, ಜಮುನಾ, ಸಿಂಧ್‌ಗಳ ಹೆಸರು ಹೇಳಿಸುತ್ತಿದ್ದರು. ಆಮೇಲೆ ಕನ್ನಡ ಹೈಸ್ಕೂಲಿಗೆ ಬಂದಾಗ ಕಾವೇರಿ, ಕೃಷ್ಣಾ, ತುಂಗೆಯರು ಬಂದರು. ಎರಡೂ ಪುಸ್ತಕಗಳಲ್ಲಿ ಮನೆಯ ಹಿತ್ತಲಿಂದ ಕೂಗಳತೆಯಲ್ಲಿದ್ದ ಜಯಮಂಗಲಿ ಇರಲಿಲ್ಲ. ಮನೆಯ ದಖನಿ ಮಾತಿನಲ್ಲಿ ಅದಕ್ಕೆ 'ನದ್ದಿ', ಓಣಿಯ ಕನ್ನಡದಲ್ಲಿ 'ಹೊಳೆ', ಪಾವಗಡದ ನೆಂಟರ ತೆಲುಗಿನಲ್ಲಿ 'ಏರು'. ಮೂರು ಭಾಷೆಯವರೂ ಅದನ್ನು ನೀರಿರಲಿ ಇಲ್ಲದಿರಲಿ ಅದೇ ಹೆಸರಿನಿಂದ ಕರೆಯುತ್ತಿದ್ದರು. ಯಾರೂ ಅದನ್ನು ಬತ್ತಿದ ನದಿ ಎನ್ನುತ್ತಿರಲಿಲ್ಲ. ಏಕೆ ಎನ್ನುತ್ತಿರಲಿಲ್ಲ ಎಂಬುದೇ ಈ ಬರಹದ ವಿಷಯ.

ಮೊದಲು ಭೂಗೋಳ. ತುಮಕೂರಿಗೆ ಪೂರ್ವದಲ್ಲಿ ದೇವರಾಯನದುರ್ಗದ ಬೆಟ್ಟಸಾಲು ಇದೆ. ಎತ್ತರ ಸಮುದ್ರಮಟ್ಟದಿಂದ ಸುಮಾರು ನಾಲ್ಕು ಸಾವಿರ ಅಡಿ. ಈ ಒಂದೇ ಸಾಲಿನ ಮೇಲೆ ಬಿದ್ದ ಮಳೆ ಎರಡು ದಾರಿ ಹಿಡಿಯುತ್ತದೆ. ಒಂದು ಪಾಲು ಶಿಂಷಾ ನದಿಯಾಗಿ ದಕ್ಷಿಣಕ್ಕೆ ಇಳಿದು ಕಾವೇರಿ ಸೇರುತ್ತದೆ. ಇನ್ನೊಂದು ಪಾಲು ಜಯಮಂಗಲಿಯಾಗಿ ಉತ್ತರಕ್ಕೆ ತಿರುಗಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳನ್ನು ಹಾದು ಆಂಧ್ರದ ಪರಿಗಿ ಬಳಿ ಉತ್ತರ ಪಿನಾಕಿನಿಗೆ, ಅಂದರೆ ಪೆನ್ನಾ ನದಿಗೆ ಕೂಡುತ್ತದೆ. ಅಲ್ಲಿಗೆ ಅದರ ಹೆಸರು ಮುಗಿಯುತ್ತದೆ, ನೀರು ಮುಗಿಯುವುದಿಲ್ಲ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ ಗೌರಿಬಿದನೂರಿನ ಮೇಲೆ ಬಂದ ಪಿನಾಕಿನಿ ಜಯಮಂಗಲಿಯನ್ನು ಕರೆದುಕೊಂಡು ಮತ್ತೆ ಕರ್ನಾಟಕದೊಳಗೆ ಬರುತ್ತದೆ. ಪಾವಗಡ ತಾಲ್ಲೂಕಿನ ನಾಗಲಮಡಿಕೆಯಲ್ಲಿ ಸುಬ್ರಹ್ಮಣ್ಯನ ಗುಡಿಯ ಪಕ್ಕದಲ್ಲಿ ಹಾದು, ಪುನಃ ಆಂಧ್ರಕ್ಕೆ ಹೋಗುತ್ತದೆ. ಹೀಗೆ ಮಧುಗಿರಿಯಿಂದ ಹೊರಟ ನೀರು ಎರಡು ಸಲ ಗಡಿ ದಾಟಿ ಪಾವಗಡಕ್ಕೆ ನೆಂಟನಂತೆ ಬಂದು ಹೋಗುತ್ತದೆ. ಪೆನ್ನಾ ಒಟ್ಟು 597 ಕಿ.ಮೀ. ಹರಿದು ನೆಲ್ಲೂರು ಜಿಲ್ಲೆಯಲ್ಲಿ ಬಂಗಾಳ ಕೊಲ್ಲಿ ಸೇರುತ್ತದೆ. ಅದರ ಜಲಾನಯನ ಪ್ರದೇಶ 55,213 ಚದರ ಕಿ.ಮೀ. ಅದರಲ್ಲಿ ಕರ್ನಾಟಕದ ಪಾಲು ಏಳು ಸಾವಿರಕ್ಕೂ ಸ್ವಲ್ಪ ಕಡಿಮೆ.

ಶಿರಾದ ಲೆಕ್ಕ ಬೇರೆ. ಬೋರನಕಣಿವೆಯ ಕಡೆಯಿಂದ ಬರುವ ಸುವರ್ಣಮುಖಿ ಶಿರಾ ಸೀಮೆಯ ನೀರನ್ನು ಹಿರಿಯೂರಿನ ಹತ್ತಿರ ವೇದಾವತಿಗೆ ಒಪ್ಪಿಸುತ್ತದೆ. ವೇದಾವತಿ ತುಂಗಭದ್ರೆಗೆ, ತುಂಗಭದ್ರೆ ಕೃಷ್ಣೆಗೆ. ನಾಲ್ಕು ತಾಲ್ಲೂಕುಗಳೂ ಒಂದೇ ಜಿಲ್ಲೆಯಲ್ಲಿದ್ದು, ಮದುವೆ ಮುಂಜಿ, ಸಂತೆ ಉರುಸುಗಳಲ್ಲಿ ಒಂದೇ ಮನೆಯಂತಿದ್ದರೂ ನಮ್ಮ ಮಳೆನೀರು ಮಾತ್ರ ಬೇರೆ ಬೇರೆ ನದಿಗಳ ಪಾಲು. ಆ ಮಳೆಯಾದರೂ ಎಷ್ಟು? ವರ್ಷಕ್ಕೆ ಸುಮಾರು 600 ಮಿ.ಮೀ. ಆಸುಪಾಸು. ಪಶ್ಚಿಮಘಟ್ಟ ಮುಂಗಾರಿನ ಮೋಡವನ್ನು ಹಿಂಡಿಕೊಂಡ ಮೇಲೆ ಉಳಿದದ್ದು ನಮಗೆ. ನಮ್ಮ ಹೊಳೆ ತುಂಬುವುದೇನಿದ್ದರೂ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅದೂ ನಾಲ್ಕಾರು ದಿನ.

ಹೈಸ್ಕೂಲಿನ ಭೂಪಟ ಪುಸ್ತಕದಲ್ಲಿ ಆಸ್ಟ್ರೇಲಿಯಾದ ಪುಟವೊಂದಿತ್ತು. ಅದರ ನಡುಭಾಗದ ನದಿಗಳನ್ನು ಗೀಟು ಗೀಟಾಗಿ, ಮುರಿದ ನೀಲಿ ರೇಖೆಯಲ್ಲಿ ಬರೆದಿದ್ದರು. ಕೆಲವು ಕಾಲ ಮಾತ್ರ ಹರಿಯುವ ನದಿಗಳನ್ನು ಹಾಗೆ ಬರೆಯುತ್ತಾರೆ ಎಂದು ಭೂಗೋಳದ ಮೇಷ್ಟ್ರು ಹೇಳಿದಾಗ ನಮಗೆ ಬಹಳ ಸಂತೋಷವಾಯಿತು. ನಮ್ಮದರಂಥ ನದಿಗಳೂ ಜಗತ್ತಿನಲ್ಲಿವೆ, ಅವುಗಳನ್ನೂ ಭೂಪಟದಲ್ಲಿ ಬರೆಯುತ್ತಾರೆ! ಮುಂದೆ ಆ ದೇಶದ ಒಳನಾಡಿನ ನದಿಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುವ ಚಟ ಹತ್ತಿತು. ಅವುಗಳಲ್ಲಿ ಡಾರ್ಲಿಂಗ್ ಎಂಬುದೊಂದು. ಅದರ ದಡದ ಮೂಲನಿವಾಸಿಗಳಾದ ಬಾರ್ಕಿಂಜಿ ಜನ ಅದನ್ನು 'ಬಾಕಾ' ಎನ್ನುತ್ತಾರೆ. ಉದ್ದ 1,400 ಕಿ.ಮೀ.ಗೂ ಹೆಚ್ಚು. ದಡದ ಬರ್ಕ್ ಎಂಬ ಊರಿನಲ್ಲಿ ವರ್ಷದ ಮಳೆ ಸುಮಾರು 350 ಮಿ.ಮೀ. ಮಾತ್ರ. ಚಾರ್ಲ್ಸ್ ಸ್ಟರ್ಟ್ ಎಂಬ ಇಂಗ್ಲಿಷ್ ಅಧಿಕಾರಿ 1829ರ ಬರಗಾಲದಲ್ಲಿ ಅದರ ದಡ ತಲುಪಿ, ಬಾಯಾರಿಕೆಯಿಂದ ನೀರಿಗಿಳಿದರೆ ನೀರು ಉಪ್ಪು. ಒಳ್ಳೆಯ ವರ್ಷಗಳಲ್ಲಿ ಅದೇ ನದಿಯ ಮೇಲೆ ಉಣ್ಣೆ ತುಂಬಿದ ಉಗಿದೋಣಿಗಳು ಓಡಾಡುತ್ತಿದ್ದವು. ಮಳೆ ಹೋದರೆ ಅದೇ ದೋಣಿಗಳು ಕೆಸರಿನಲ್ಲಿ ತಿಂಗಳುಗಟ್ಟಲೆ ಕೂರುತ್ತಿದ್ದವು.

ಆ ಒಳನಾಡಿಗೆ ನಮ್ಮ ಕಡೆಯ ಜನರೂ ಹೋಗಿದ್ದಾರೆ ಎಂಬುದು ಇನ್ನೊಂದು ಸೋಜಿಗ. ನಮ್ಮ ಕಡೆ ಎಂದರೆ ಅವಿಭಜಿತ ಹಿಂದೂಸ್ತಾನದ ಬಲೂಚಿಸ್ತಾನ, ಪಂಜಾಬ್, ಸಿಂಧ್ ಮತ್ತು ಅದರಾಚೆಯ ಅಫ್ಘಾನಿಸ್ತಾನ. 1860ರಲ್ಲಿ ಕರಾಚಿಯಿಂದ ಒಂಟೆಗಳ ಜೊತೆ ಹಡಗು ಹತ್ತಿದವರು ಮೊದಲಿಗರು. ಆಮೇಲಿನ ಅರ್ಧ ಶತಮಾನ ಆ ಮರುಭೂಮಿಯಲ್ಲಿ ಸರಕು ಸಾಗಿಸಿದ್ದು ಈ ಒಂಟೆಯವರೇ. ಎಲ್ಲರನ್ನೂ ಸೇರಿಸಿ 'ಅಫ್ಘಾನರು' ಎಂದು ಕರೆದರು. ಬರ್ಕ್ ಊರಿನ ಸ್ಮಶಾನದಲ್ಲಿ ಅವರ ಗೋರಿಗಳೂ ತಗಡಿನ ಒಂದು ಪುಟ್ಟ ಮಸೀದಿಯೂ ಇವೆ. ಬ್ರೋಕನ್ ಹಿಲ್ ಎಂಬಲ್ಲಿ ಅವರು ಕಟ್ಟಿಕೊಂಡ ಮಸೀದಿ ಈಗ ವಸ್ತು ಸಂಗ್ರಹಾಲಯ. ಒಣಗಿದ ಹೊಳೆಯ ಮರಳನ್ನು ಎಲ್ಲಿ ತೋಡಿದರೆ ನೀರು ಬರುತ್ತದೆ ಎಂಬುದು ಆ ನಾಡಿನ ಮೂಲನಿವಾಸಿಗಳಿಗೆ ಸಾವಿರಾರು ವರ್ಷಗಳಿಂದ ಗೊತ್ತಿತ್ತು. ನೆಲದಡಿಯ ಕಾಲುವೆಯಿಂದ ನೀರು ತರುವ ಕಾರೇಜ್ ಬಲೂಚಿಸ್ತಾನದ ಹಳ್ಳಿಗಳ ವಿದ್ಯೆ. ಬಲೂಚಿ ಒಂಟೆಯವನೊಬ್ಬ ಅಲ್ಲಿನ ಮರಳಿನ ಒರತೆಯ ಮುಂದೆ ಕೂತಾಗ ಅವನಿಗೆ ಊರು ನೆನಪಾಗಿರಬೇಕು ಎಂದು ಕಥೆಗಾರರಾದ ನಾವು ಕಲ್ಪಿಸಿಕೊಳ್ಳುತ್ತೇವೆ.

ಯಾಕೆಂದರೆ ನಮ್ಮ ಸೀಮೆಯಲ್ಲೂ ಅಂಥದೇ ಒಂದು ವಿದ್ಯೆ ಇತ್ತು. ಅದರ ಹೆಸರು ತಲಪರಿಗೆ. ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ತಾಲ್ಲೂಕುಗಳಲ್ಲಿ ತಲಪರಿಗೆ ಎಂಬ ಮಾತು ಹಳೆಯ ತಲೆಗಳಿಗೆಲ್ಲ ಗೊತ್ತು. ಹತ್ತೊಂಬತ್ತನೇ ಶತಮಾನದಲ್ಲಿ ಬಿ.ಎಲ್. ರೈಸ್ ಸಿದ್ಧಪಡಿಸಿದ ಮೈಸೂರು ಗೆಜೆಟಿಯರ್ ಈ ಭಾಗದ ವಿಶೇಷವೆಂದು ತಲಪರಿಗೆಯನ್ನು ಹೆಸರಿಸಿದೆ. ಇತ್ತೀಚಿನ ವರ್ಷಗಳಲ್ಲಿ ತುಮಕೂರಿನ ಮಲ್ಲಿಕಾರ್ಜುನ ಹೊಸಪಾಳ್ಯ ಅವರು ಊರೂರು ಸುತ್ತಿ ಇವುಗಳನ್ನು ದಾಖಲಿಸಿದ್ದಾರೆ.

ತಲಪರಿಗೆ ಬಾವಿಯಲ್ಲ, ಕೆರೆಯೂ ಅಲ್ಲ. ಹೊಳೆಯ ಮರಳಿನಲ್ಲೋ ಕೆರೆಯ ಅಂಗಳದಲ್ಲೋ ತಗ್ಗಿನ ಮರಳು ನೆಲದಲ್ಲೋ ಒರತೆ ಇರುವ ಜಾಗ ಗುರುತಿಸಿ ಗುಂಡಿ ತೋಡುತ್ತಾರೆ. ಅದು ತಲೆ. ಅಲ್ಲಿ ಜಿನುಗಿ ನಿಂತ ನೀರಿಗೆ ಒಂದು ಕಾಲುವೆ ತೆಗೆಯುತ್ತಾರೆ. ಕಾಲುವೆಯ ಇಳಿಜಾರು ನೆಲದ ಇಳಿಜಾರಿಗಿಂತ ಕಡಿಮೆ ಇರಬೇಕು. ಆಗ ಸ್ವಲ್ಪ ದೂರ ಹೋಗುವಷ್ಟರಲ್ಲಿ ಕಾಲುವೆಯ ನೀರು ತಾನೇ ನೆಲದ ಮಟ್ಟಕ್ಕೆ ಬಂದು ಹೊಲಕ್ಕೆ ಹರಿಯುತ್ತದೆ. ಏತ ಬೇಡ, ಕಪಿಲೆ ಬೇಡ, ಎತ್ತು ಬೇಡ, ಕರೆಂಟು ಬೇಡ. ಬೀದರಿನ ನೌಬಾದಿನಲ್ಲಿ ಬಹಮನಿ ಸುಲ್ತಾನರ ಕಾಲದಲ್ಲಿ ತೋಡಿದ ಕಾರೇಜ್ ಕೂಡ ಇದೇ ಲೆಕ್ಕದಲ್ಲಿ ಕೆಲಸ ಮಾಡುತ್ತದೆ. ಅಲ್ಲಿ ಕಾಲುವೆ ಕಲ್ಲಿನೊಳಗೆ ಸುರಂಗವಾಗಿ ಹೋಗುತ್ತದೆ, ನಮ್ಮಲ್ಲಿ ಮರಳಿನ ನಡುವೆ ತೆರೆದೇ ಇರುತ್ತದೆ. ಒಂದನ್ನು ನೋಡಿ ಇನ್ನೊಂದನ್ನು ಮಾಡಿದರು ಎಂದು ಹೇಳಬೇಕಾಗಿಲ್ಲ. ಮಳೆ ಕಡಿಮೆ ಇರುವ ಕಡೆ ಜನರ ಬುದ್ಧಿ ಒಂದೇ ದಿಕ್ಕಿಗೆ ಓಡುತ್ತದೆ.

ಇದರ ಗುಟ್ಟು ಮರಳಿನಲ್ಲಿದೆ. ಹೊಳೆಯ ಮರಳಿನಲ್ಲಿ ಕಾಲು ಭಾಗಕ್ಕೂ ಹೆಚ್ಚು ಜಾಗ ಖಾಲಿ. ಅದರೊಳಗೆ ನೀರು ನಿಲ್ಲುತ್ತದೆ. ಮೇಲಿನ ಎರಡಡಿ ಒಣಗಿದರೆ ಆಮೇಲೆ ಬಿಸಿಲು ಕೆಳಗಿನ ನೀರನ್ನು ಮುಟ್ಟಲಾರದು. ನಾಲ್ಕು ದಿನ ಹರಿದ ಹೊಳೆ ಹೀಗೆ ಮರಳಿನೊಳಗೆ ಬೇಸಿಗೆಯವರೆಗೂ ಹರಿಯುತ್ತಲೇ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. ನಮ್ಮೂರಿನ ನೀರಗಂಟಿ ತಾತ ಹೇಳುತ್ತಿದ್ದುದು ಇದನ್ನೇ: "ಹೊಳೆ ಒಣಗಿಲ್ಲ ಕಣಪ್ಪ, ಕೆಳಗೆ ಹೋಗೈತೆ." ನಮ್ಮ ದಾದಾ ದೀಪಾವಳಿ ಕಳೆದ ಮೇಲೆ ಆ ಮರಳಿನಲ್ಲಿ ಗುಣಿ ತೆಗೆದು, ಕುರಿಗೊಬ್ಬರ ಹಾಕಿ ಕರಬೂಜ ಬೆಳೆಯುತ್ತಿದ್ದರು. ರಂಜಾನ್ ಬೇಸಿಗೆಗೆ ಬಂದ ವರ್ಷಗಳಲ್ಲಿ ಮಧುಗಿರಿ ಸಂತೆಗೆ ಗಾಡಿಯಲ್ಲಿ ಒಯ್ದರೆ ಹೊತ್ತು ಮುಳುಗುವುದರೊಳಗೆ ಖಾಲಿ.

ತಲಪರಿಗೆಗೆ ಕಟ್ಟುಪಾಡುಗಳಿದ್ದವು. ವರ್ಷಕ್ಕೊಮ್ಮೆ ಅಚ್ಚುಕಟ್ಟಿನ ಪ್ರತಿ ಮನೆಯವರೂ ಬಂದು ಹೂಳು ತೆಗೆಯಬೇಕು. ಬಾರದವರು ಕೂಲಿ ಕೊಡಬೇಕು. ಯಾವ ಹೊಲಕ್ಕೆ ಎಷ್ಟು ಹೊತ್ತು ನೀರು ಎಂಬುದನ್ನು ನೀರಗಂಟಿ ತೀರ್ಮಾನಿಸುತ್ತಿದ್ದ. ನೀರು ಕಡಿಮೆ ಇದ್ದ ವರ್ಷ ಭತ್ತ ಇಡುವಂತಿಲ್ಲ, ರಾಗಿ ಮಾತ್ರ. ಕಾಲುವೆಯಲ್ಲಿ ಹರಿಯುವಾಗ ದನ ಕುರಿಗಳಿಗೆ, ದಾರಿಹೋಕರಿಗೆ ತಡೆ ಇಲ್ಲ. ಫಿಕ್ಹ್ ಗ್ರಂಥಗಳಲ್ಲಿ ಬಾಯಾರಿದ ಮನುಷ್ಯನಿಗೂ ಪಶುವಿಗೂ ನೀರಿನ ಮೇಲಿರುವ ಹಕ್ಕಿಗೆ ಬೇರೆ ಹೆಸರೇ ಇದೆ ಎಂದು ಮೌಲವಿಗಳು ಹೇಳುತ್ತಿದ್ದರು. ನೀರಗಂಟಿ ತಾತ ಆ ಗ್ರಂಥಗಳನ್ನು ಓದಿದವರಲ್ಲ, ಆದರೆ ಆ ಹಕ್ಕನ್ನು ಒಂದು ದಿನವೂ ತಪ್ಪಿಸಿದವರಲ್ಲ.

ಈ ಸೀಮೆಯ ಚರಿತ್ರೆಯನ್ನು ರಾಜರ ಹೆಸರಿನಲ್ಲಿ ಬರೆದಿದ್ದಾರೆ. ಸ್ವಲ್ಪ ಕೆದಕಿದರೆ ಅದರ ತಳದಲ್ಲೂ ನೀರೇ ಸಿಗುತ್ತದೆ. ಹಿಂದೆ ಮದ್ದಗಿರಿ ಎನ್ನಿಸಿಕೊಂಡಿದ್ದ ಮಧುಗಿರಿಯ ಕೋಟೆಗೆ ಒಂದು ಕಥೆ ಇದೆ. ತಪ್ಪಿಸಿಕೊಂಡು ಬೆಟ್ಟ ಹತ್ತಿದ ಕುರಿಯೊಂದು ಮೈಯೆಲ್ಲ ಒದ್ದೆಯಾಗಿ ಇಳಿದು ಬಂತಂತೆ. ಬಂಡೆಯ ಮೇಲೆ ಚಿಲುಮೆ ಇರಬೇಕೆಂದು ತಿಳಿದ ಪಾಳೆಯಗಾರ ಅಲ್ಲಿ ಕೋಟೆ ಕಟ್ಟಿಸಿದನಂತೆ. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿ ಅಲ್ಲಿನ ರಾಣಿ ವೀರಮ್ಮಾಜಿಯನ್ನು ಸೆರೆಯಿಟ್ಟದ್ದು ಇದೇ ಬೆಟ್ಟದ ಮೇಲೆ. 1767ರಲ್ಲಿ ಮರಾಠರು ಕೋಟೆ ಹಿಡಿದು ಆಕೆಯನ್ನು ಬಿಡಿಸಿದರು. ಮಲೆನಾಡಿನ ಮಳೆಯಲ್ಲಿ ಬೆಳೆದ ಹೆಣ್ಣುಮಗಳು ನಾಲ್ಕು ವರ್ಷ ಆ ಬೋಳು ಬಂಡೆಯ ಮೇಲೆ ನಿಂತು, ಕೆಳಗೆ ಬೆಳ್ಳಗೆ ಹೊಳೆಯುವ ಮರಳಿನ ಪಟ್ಟಿಯನ್ನು ನೋಡಿ ಏನೆಂದುಕೊಂಡಳೋ.

ಶಿರಾ ಇನ್ನೂ ದೊಡ್ಡ ಊರಾಗಿತ್ತು. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನನ ಪಾಲಾದ ಊರು 1687ರಲ್ಲಿ ಮೊಗಲರ ಸುಬಾದ ರಾಜಧಾನಿಯಾಯಿತು. 1651ರ ಮಲಿಕ್ ರಿಹಾನ್ ಗೋರಿ, 1696ರ ಜುಮ್ಮಾ ಮಸೀದಿ ಇಂದಿಗೂ ನಿಂತಿವೆ. ದಿಲಾವರ್ ಖಾನನ ಕಾಲಕ್ಕೆ ಊರಲ್ಲಿ ಐವತ್ತು ಸಾವಿರ ಮನೆಗಳಿದ್ದವೆಂಬ ಮಾತನ್ನು ಗೆಜೆಟಿಯರ್ ಬರೆದಿಟ್ಟಿದೆ. ಖಾನ್ ಬಾಗ್ ಎಂಬ ತೋಟವಿತ್ತು. ಬೆಂಗಳೂರಿನ ಲಾಲ್‌ಬಾಗಿಗೆ ಅದೇ ಮಾದರಿ ಎನ್ನುವವರಿದ್ದಾರೆ. ಇಷ್ಟು ಜನಕ್ಕೆ, ಇಷ್ಟು ತೋಟಕ್ಕೆ ಈ ಮಳೆ ಬೀಳದ ಊರಿನಲ್ಲಿ ನೀರು ಕೊಟ್ಟದ್ದು ಕೆರೆ, ಬಾವಿಗಳು. ಮುಂದೆ ಮರಾಠರ ದಾಳಿಗಳಾದವು. ಟಿಪ್ಪು ಶ್ರೀರಂಗಪಟ್ಟಣದ ಬಳಿ ಗಂಜಾಂ ಎಂಬ ಹೊಸ ಪೇಟೆ ಕಟ್ಟಿಸಿ ಶಿರಾದ ಹನ್ನೆರಡು ಸಾವಿರ ಕುಟುಂಬಗಳನ್ನು ಅಲ್ಲಿಗೆ ಎಬ್ಬಿಸಿಕೊಂಡು ಹೋದ. ಅವರಿಗಾದರೂ ಕಾವೇರಿ ಸಿಕ್ಕಿತು.

1892ರಲ್ಲಿ ಮದ್ರಾಸ್ ಮತ್ತು ಮೈಸೂರು ಸರ್ಕಾರಗಳು ಒಂದು ಒಪ್ಪಂದ ಮಾಡಿಕೊಂಡವು. ಪಟ್ಟಿ ಮಾಡಿದ ನದಿಗಳ ಮೇಲೆ ಮದ್ರಾಸನ್ನು ಕೇಳದೆ ಮೈಸೂರು ಹೊಸ ನೀರಾವರಿ ಕೆಲಸ ಹಿಡಿಯುವಂತಿರಲಿಲ್ಲ. ಆ ಪಟ್ಟಿಯಲ್ಲಿ ಉತ್ತರ ಪಿನಾಕಿನಿಯೂ ವೇದಾವತಿಯೂ ಇದ್ದವು. ಕಾವೇರಿಯ ಜಗಳ ಎಲ್ಲರಿಗೂ ಗೊತ್ತು. ನಮ್ಮ ಹೊಳೆಯೂ ಅದೇ ಕಾಗದದೊಳಗಿತ್ತು ಎಂಬುದು ನಮ್ಮವರಿಗೇ ಗೊತ್ತಿಲ್ಲ. ಆಮೇಲೆ ಬಂದದ್ದು ಕೊಳವೆಬಾವಿ. 1970ರ ದಶಕದ ಬರಗಾಲದಲ್ಲಿ ಕುಡಿಯುವ ನೀರಿಗೆಂದು ಬಂದ ಯಂತ್ರ ನಿಧಾನವಾಗಿ ಹೊಲಗಳಿಗೆ ಇಳಿಯಿತು. ನೂರು ಅಡಿಗೆ ಸಿಗುತ್ತಿದ್ದ ನೀರು ಈಗ ಸಾವಿರ ಅಡಿಗೂ ಖಾತ್ರಿಯಿಲ್ಲ. ಅಷ್ಟು ಆಳದ ಕಲ್ಲಿನೊಳಗಿಂದ ಬರುವ ನೀರಿನಲ್ಲಿ ಫ್ಲೋರೈಡ್ ಬರುತ್ತದೆ. ಪಾವಗಡದ ಹಳ್ಳಿಗಳಲ್ಲಿ ಮಕ್ಕಳ ಹಲ್ಲಿನ ಕಂದು ಕಲೆ, ಮುದುಕರ ಬಾಗಿದ ಮೊಣಕಾಲು ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ತಲಪರಿಗೆಯ ನೀರು ಮೇಲುಪದರದ್ದು, ಮಳೆಯಿಂದ ವರ್ಷ ವರ್ಷ ಹೊಸದಾಗುವಂಥದ್ದು. ಅದನ್ನು ಬಿಟ್ಟು ನಾವು ಸಾವಿರ ವರ್ಷ ಹಳೆಯ ನೀರಿಗೆ ಕೈಹಾಕಿದ್ದೇವೆ. ಈಗ ಬಾಯಾರಿಕೆಗೆ ದೂರದ ನದಿಗಳ ಹೆಸರು ಹೇಳುತ್ತಾರೆ. ಶಿರಾ, ಕಳ್ಳಂಬೆಳ್ಳದ ಕೆರೆಗಳಿಗೆ ಹೇಮಾವತಿ ಬಂತು. ಪಾವಗಡಕ್ಕೆ ತುಂಗಭದ್ರಾ ಹಿನ್ನೀರಿನ ಕುಡಿಯುವ ನೀರಿನ ಯೋಜನೆ ಹಾಕಿಕೊಂಡರು. ಎತ್ತಿನಹೊಳೆ ಯೋಜನೆಯ ಮೂಲ ನಕ್ಷೆಯಲ್ಲಿ ಕೊರಟಗೆರೆಯ ಬೈರಗೊಂಡ್ಲುವಿಗೆ ಜಲಾಶಯದ ಗುರುತು ಹಾಕಿದ್ದರು. ಆ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾಯಿತು. ಬೇಡವೆನ್ನಲು ನಾವು ಯಾರು? ಬಾಯಾರಿದವನು ನೀರಿನ ಜಾತಕ ಕೇಳುವುದಿಲ್ಲ. ಆದರೆ ಹತ್ತಿರದ ಹೊಳೆಗೆ ಏನಾಯಿತೆಂದು ಕೇಳುವುದು ತಪ್ಪಲ್ಲವಷ್ಟೆ.

ಏನಾಯಿತೆಂದರೆ, ಬೆಂಗಳೂರು ಬೆಳೆಯಿತು. 1990ರ ದಶಕದ ಕೊನೆಗೆ ನಮ್ಮ ಹೊಳೆಗೆ ಮೊದಲು ಟ್ರ್ಯಾಕ್ಟರುಗಳು ಬಂದವು, ಆಮೇಲೆ ಲಾರಿಗಳು, ಆಮೇಲೆ ರಾತ್ರಿ ದೀಪ ಹಾಕಿಕೊಂಡು ಜೆಸಿಬಿಗಳು. ಗುತ್ತಿಗೆದಾರರೊಬ್ಬರು ಊರಿನ ಹಿರಿಯರನ್ನು ಕೂರಿಸಿ ಮಾತಾಡಿದರು. ಆ ಹಣದಲ್ಲಿ ಗುಡಿಗೆ ಆರ್‌ಸಿಸಿ ಬಿತ್ತು, ಮಸೀದಿಗೆ ಕಾಂಪೌಂಡು ಎದ್ದಿತು. ಎರಡು ಕಡೆಯವರಿಗೂ ಸಮನಾಗಿ ಬಂದದ್ದರಿಂದ ಊರಿನಲ್ಲಿ ಯಾರೂ ಮಾತಾಡಲಿಲ್ಲ. ಬಿದ್ದುಹೋಗುವ ಮಾಡಿನ ಕೆಳಗೆ ನಮಾಜು ಮಾಡಿದವರಿಗೆ, ಸೋರುವ ಗುಡಿಯಲ್ಲಿ ಪೂಜೆ ಮಾಡಿದವರಿಗೆ ಅದು ಸಣ್ಣ ಮಾತೂ ಆಗಿರಲಿಲ್ಲ.

ಮಾತಾಡಿದವರು ನಮ್ಮ ಚಿಚ್ಚಾ ಒಬ್ಬರೇ. ತಲಪರಿಗೆಯ ಕಾಲುವೆಯ ಕೊನೆಗೆ ಅವರದು ಎರಡೆಕರೆ. ಕೊನೆಯ ಹೊಲದವರಿಗೆ ನೀರು ಕಡಿಮೆಯಾದದ್ದು ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. "ರೇತಿ ಗಯೀ ಸೋ ಪಾನಿ ಗಯಾ" ಎಂದು ಮಸೀದಿಯ ಕಟ್ಟೆಯ ಮೇಲೆ ಹೇಳಿದರು. ಮರಳು ಹೋದರೆ ನೀರೂ ಹೋದ ಹಾಗೆ ಎಂದು ಅಶ್ವತ್ಥಕಟ್ಟೆಯಲ್ಲಿ ಕನ್ನಡದಲ್ಲೂ ಹೇಳಿದರು. ಅವರ ಮಗನೇ ಆಗ ಮರಳಿನ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಒಂದು ಟ್ರಿಪ್ಪಿಗೆ ಸಿಗುತ್ತಿದ್ದ ಹಣ ಎರಡೆಕರೆಯಲ್ಲಿ ತಿಂಗಳಿಗೂ ಹುಟ್ಟುತ್ತಿರಲಿಲ್ಲ. ಅಪ್ಪ ಮಗ ಒಂದೇ ಮನೆಯಲ್ಲಿ ಎರಡು ವರ್ಷ ಮಾತು ಬಿಟ್ಟಿದ್ದರು. ಚಿಚ್ಚೀ ನಡುವೆ ನಿಂತು ಒಬ್ಬರ ಊಟ ಮುಗಿದ ಮೇಲೆ ಇನ್ನೊಬ್ಬರನ್ನು ಕರೆಯುತ್ತಿದ್ದರು. 2001ರಿಂದ ಸತತ ಮೂರು ವರ್ಷ ಮಳೆ ಕೈಕೊಟ್ಟಾಗ ತಲಪರಿಗೆ ನಿಂತಿತು. ಹಿಂದೆಯೂ ಬರ ಬಂದಿತ್ತು, ಹಿಂದೆಯೂ ನಿಂತು ಮತ್ತೆ ಹರಿದಿತ್ತು. 2005ರಲ್ಲಿ ಒಳ್ಳೆಯ ಮಳೆಯಾಯಿತು. ಹೊಳೆ ಮೂರು ದಿನ ಕೆಂಪಗೆ ಭೋರ್ಗರೆದು ಹೋಯಿತು. ನಾಲ್ಕನೆಯ ದಿನ ತಳದ ಕಲ್ಲು ಕಾಣುತ್ತಿತ್ತು. ನೀರು ಹಿಡಿದುಕೊಳ್ಳಲು ಮರಳೇ ಇರಲಿಲ್ಲ. ಚಿಚ್ಚಾ ಸಾಲ ಮಾಡಿ ಮೂರು ಬೋರು ಕೊರೆಸಿದರು. ಮೂರರಲ್ಲೂ ಹೊಗೆಯಂಥ ಧೂಳು. 2009ರಲ್ಲಿ ಅವರು ತೀರಿಹೋದಾಗ ಗುಸುಲ್ ಮಾಡಿಸಲು ಟ್ಯಾಂಕರಿನಿಂದ ನೀರು ತರಿಸಿದೆವು.

2012ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ದೇಶಾದ್ಯಂತ ಸಣ್ಣ ಪ್ರಮಾಣದ ಮರಳು ಗಣಿಗಾರಿಕೆಗೂ ಪರಿಸರ ಅನುಮತಿ ಬೇಕೆಂದು ಹೇಳಿತು. ಅಷ್ಟು ಹೊತ್ತಿಗೆ ನಮ್ಮ ಹೊಳೆಯಲ್ಲಿ ಅನುಮತಿ ಕೇಳುವಷ್ಟು ಮರಳು ಉಳಿದಿರಲಿಲ್ಲ. ಡಾರ್ಲಿಂಗ್ ನದಿಯಲ್ಲೂ ಕಾನೂನಿಗೆ ಕೊರತೆ ಇರಲಿಲ್ಲ. 2007ರಲ್ಲಿ ಜಲಕಾಯ್ದೆ, 2012ರಲ್ಲಿ ಇಡೀ ಕೊಳ್ಳಕ್ಕೆ ಯೋಜನೆ. ಅಲ್ಲಿ ನೀರಿನ ಹಕ್ಕನ್ನು ಜಮೀನಿನಿಂದ ಬೇರ್ಪಡಿಸಿ ಮಾರುಕಟ್ಟೆಯಲ್ಲಿ ಕೊಂಡು ಮಾರುವ ವ್ಯವಸ್ಥೆಯೂ ಇದೆ. ಆದರೂ 2018ರ ಕೊನೆ ಮತ್ತು 2019ರ ಮೊದಲಲ್ಲಿ ಮೆನಿಂಡಿ ಎಂಬಲ್ಲಿ ಮೀನುಗಳು ಲಕ್ಷಗಟ್ಟಲೆ ಸತ್ತು ತೇಲಿದವು. 2023ರ ಮಾರ್ಚಿನಲ್ಲಿ ಮತ್ತೆ ಸತ್ತವು. ಬಡದೇಶ, ಸಿರಿವಂತ ದೇಶ ಎಂಬ ಭೇದ ಬತ್ತುವ ಹೊಳೆಗಿಲ್ಲ.

ಪಾವಗಡದವರಿಗೆ ಇನ್ನೊಂದು ದಾರಿ ತೆರೆಯಿತು. ತಿರುಮಣಿ, ಬಳಸಮುದ್ರ, ವಳ್ಳೂರು, ಕ್ಯಾತಗಾನಚೆರ್ಲು, ರಾಯಚೆರ್ಲು ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಸೌರ ವಿದ್ಯುತ್ ಪಾರ್ಕು ಎದ್ದಿತು. 2018ರಲ್ಲಿ ಉದ್ಘಾಟನೆಯಾಗಿ 2019ರ ಕೊನೆಗೆ 2,050 ಮೆಗಾವ್ಯಾಟಿಗೆ ಬಂತು. ಜಮೀನು ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆ ಹಿಡಿದು, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಸುವ ಕರಾರು. ಕಡಲೆಕಾಯಿ ಬಿತ್ತಿ ಮೋಡ ನೋಡುತ್ತಿದ್ದವರಿಗೆ ಅದು ಖಾತ್ರಿ ಹಣ. ಜಮೀನಿಲ್ಲದ ಕೂಲಿಯವರಿಗೆ, ಕುರಿಯವರಿಗೆ ಆ ಖಾತ್ರಿ ಇಲ್ಲ. ಅಲ್ಲಿನ ನೆಂಟರೊಬ್ಬರು ಹೇಳಿದರು: "ಬಿಸಿಲು ನಮಗೆ ಶಾಪ ಅಂದ್ಕೊಂಡಿದ್ವಿ. ಈಗ ಅದೇ ಬಾಡಿಗೆ ಕೊಡ್ತದೆ. ಮಳೆ ಬಂದ್ರೆ ಏನ್ ಮಾಡೋದು ಅನ್ನೋದೇ ಮರ್ತೋಗಿದೆ."

ನಮ್ಮೂರಿಗೆ ಮಳೆ ಬಂತು. 2021ರ ನವೆಂಬರಿನಲ್ಲಿ, ಮತ್ತೆ 2022ರ ಮಳೆಗಾಲದಲ್ಲಿ ಜಯಮಂಗಲಿ ನಾವು ಹುಟ್ಟಿದ ಮೇಲೆ ಕಾಣದಷ್ಟು ಹರಿಯಿತು. ಗೊರವನಹಳ್ಳಿ ಹತ್ತಿರದ ತೀತಾ ಜಲಾಶಯ ಕೋಡಿ ಬಿದ್ದಿತು. ಮೈದನಹಳ್ಳಿಯ ಕೃಷ್ಣಮೃಗಗಳ ಬಯಲಿನವರೆಗೂ ಹಸಿರು ಕಂಡಿತು. 2007ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸುವಾಗ ಅದಕ್ಕೆ ಕೊಟ್ಟದ್ದು ನಮ್ಮ ಹೊಳೆಯ ಹೆಸರನ್ನೇ. ನೆರೆ ಇಳಿದ ಮೇಲೆ ನೋಡಿದರೆ ಕಲ್ಲುಗಳ ಸಂದಿನಲ್ಲಿ ಹೊಸ ಮರಳು ಕೂತಿತ್ತು. ಮರಳಿನ ಜೊತೆ ಗುತ್ತಿಗೆಯ ಮಾತೂ ಬಂತು, ಈ ಸಲ ಬೇರೆಯವರು.

ಈಗ ಎದ್ದು ನಿಂತವನು ಚಿಚ್ಚಾನ ಮಗ. 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನ ಕೆಲಸ ಬಿಟ್ಟು ಬಂದವನು ತಿರುಗಿ ಹೋಗಿರಲಿಲ್ಲ. ಕಟ್ಟೆಯ ಮೇಲೆ ಅವನು ಹೆಚ್ಚು ಮಾತಾಡಲಿಲ್ಲ. "ಒಂದು ಟ್ರಿಪ್ಪಿಗೆ ಎಷ್ಟು ಮರಳು ಅಂತ ನಂಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಈ ಮರಳು ಮೂರು ತಿಂಗಳಿಗೆ ಮುಗೀತದೆ. ಅದಕ್ಕೆ ಮೊದಲು ತಲಪರಿಗೆ ಒಂದ್ಸಲ ಅಗೆದು ನೋಡಾಣ" ಎಂದ. ಆದರೆ ಅಗೆಯುವುದು ಎಲ್ಲಿ? ತಲೆ ಇದ್ದ ಜಾಗ ಮುಳ್ಳುಕಂಟಿಯ ಕೆಳಗೆ ಹೂತುಹೋಗಿ ಇಪ್ಪತ್ತು ವರ್ಷ. ಜಾಗ ಗೊತ್ತಿದ್ದುದು ಎಂಬತ್ತು ದಾಟಿದ ನೀರಗಂಟಿ ತಾತನಿಗೆ ಮಾತ್ರ. ಕಣ್ಣು ಕಾಣದ ಅವರನ್ನು ಬೈಕಿನ ಮೇಲೆ ನಡುವೆ ಕೂರಿಸಿಕೊಂಡು ಹೊಳೆಗೆ ಕರೆತಂದರು. ತಾತ ದಡದ ಹೊಂಗೆಮರವನ್ನು ತಡವಿ, ಅಲ್ಲಿಂದ ಹೆಜ್ಜೆ ಎಣಿಸಿಕೊಂಡು ಹೋಗಿ, ಕೋಲು ಊರಿ ನಿಂತರು.

2024ರ ಏಪ್ರಿಲಿನ ಬಿಸಿಲಿನಲ್ಲಿ, ಹಿಂದಿನ ವರ್ಷ ಮಳೆ ಇಲ್ಲದೆ ಊರೆಲ್ಲ ಟ್ಯಾಂಕರಿಗೆ ಕಾಯುತ್ತಿದ್ದಾಗ, ಹದಿನೇಳು ಮನೆಯವರು ಮೂರು ದಿನ ಅಗೆದರು. ಮೂರನೆಯ ದಿನ ಸಂಜೆ ಕಲ್ಲುಕಟ್ಟಡದ ಬಾಯಿ ಸಿಕ್ಕಿತು. ರಾತ್ರಿ ಬಿಟ್ಟು ಬೆಳಿಗ್ಗೆ ಫಜರ್ ಮುಗಿಸಿ ಹೋಗಿ ನೋಡಿದರೆ ಮೊಣಕಾಲುದ್ದ ತಿಳಿನೀರು. ಎಲ್ಲರೂ ಒಂದೊಂದು ಬೊಗಸೆ ಕುಡಿದೆವು.

ಸಂತೋಷ ಮಧ್ಯಾಹ್ನದವರೆಗೆ ಮಾತ್ರ. ಕಾಲುವೆ ಬಿಡಿಸಲು ಹೋದಾಗ ಗೊತ್ತಾಯಿತು, ನೀರು ಕೆಳಗಿದೆ, ಕಾಲುವೆಯ ಬಾಯಿ ಮೇಲಿದೆ. ಮರಳು ಹೋಗಿ ಹೊಳೆಯ ತಳವೇ ಏಳಡಿ ಇಳಿದಿತ್ತು. ನೀರು ಇದ್ದರೂ ತಾನಾಗಿ ಹರಿದು ಹೊಲಕ್ಕೆ ಹೋಗಲಾರದು. ಕೆಲವರು ಸೋಲಾರ್ ಮೋಟಾರು ಇಡೋಣ ಎಂದರು. ಮೋಟಾರು ಯಾರ ಹೆಸರಿಗೆ? ಎಷ್ಟು ಹೊತ್ತು ಓಡಬೇಕು? ಮೊದಲ ಹೊಲದವರು ರಾತ್ರಿಯೂ ಓಡಿಸಿದರೆ ಕೊನೆಯ ಹೊಲದವರ ಗತಿಯೇನು? ಅಂದು ಕಟ್ಟೆಯ ಮೇಲೆ ಮಾತು ಬಿಸಿಯಾದಾಗ ನಮಗೆ ತಲಪರಿಗೆಯ ಇನ್ನೊಂದು ಗುಣ ಅರ್ಥವಾಯಿತು. ಇಳಿಜಾರು ಕೊಟ್ಟಷ್ಟು ನೀರನ್ನು ಮಾತ್ರ ಅದು ಕೊಡುತ್ತಿತ್ತು. ಯಾರ ಆಸೆಯೂ ಇಳಿಜಾರನ್ನು ಹೆಚ್ಚಿಸುವಂತಿರಲಿಲ್ಲ. ನೀರಗಂಟಿಯ ನ್ಯಾಯಕ್ಕೆ ಅಷ್ಟು ಬಲವಿದ್ದದ್ದು ಅದರಿಂದ.

ಕೊನೆಗೆ ಮೋಟಾರು ಬೇಡವೆಂದಾಯಿತು. ಗುಂಡಿಗೆ ಇಳಿಜಾರು ಮಾಡಿ ದನ, ಕುರಿ ಇಳಿದು ಕುಡಿಯುವಂತೆ ಬಿಟ್ಟರು. ಗುತ್ತಿಗೆಯವರಿಗೆ ಒಂದು ವರ್ಷ ತಡೆಯಲು ಹೇಳಿದರು. ಬೇಡವೆಂದು ಹೇಳುವಷ್ಟು ಒಮ್ಮತ ಬರಲಿಲ್ಲ, ಹೂಂ ಎನ್ನುವಷ್ಟೂ ಬರಲಿಲ್ಲ. ಸ್ವಲ್ಪ ಕೆಳಗೆ ಹೊಳೆಗೆ ಅಡ್ಡಲಾಗಿ ಸೊಂಟದೆತ್ತರ ಕಲ್ಲಿನ ಒಡ್ಡು ಹಾಕಿದರು. ನೆರೆ ಬಂದಾಗ ನೀರು ಮೇಲಿಂದ ದಾಟಿ ಹೋಗಲಿ, ಮರಳು ನಿಲ್ಲಲಿ ಎಂಬ ಲೆಕ್ಕ. ಮರಳು ಒಡ್ಡಿನ ಮಟ್ಟಕ್ಕೆ ಬಂದರೆ ಇನ್ನೊಂದು ಸಾಲು ಕಲ್ಲು ಏರಿಸುವುದು. ಅಲ್ಲಿಂದ ಎರಡು ಮಳೆಗಾಲ ಕಳೆದಿವೆ. ಒಡ್ಡಿನ ಹಿಂದೆ ಒಂದಡಿಗಿಂತ ಸ್ವಲ್ಪ ಹೆಚ್ಚು ಮರಳು ಕೂತಿದೆ. ಚಿಚ್ಚಾನ ಮಗ ಹೊಂಗೆಮರದ ಬುಡದ ಬಂಡೆಗೆ ಸುಣ್ಣದಲ್ಲಿ ಗೀಟು ಹಾಕಿ ವರ್ಷ ಬರೆಯುತ್ತಿದ್ದಾನೆ. ಗುತ್ತಿಗೆಯವರ ಫೋನು ಹಬ್ಬಕ್ಕೊಮ್ಮೆ ಬರುತ್ತದೆ. ಕಾಲುವೆಯ ಬಾಯಿ ಮುಟ್ಟಲು ಇನ್ನೂ ಆರಡಿಯಷ್ಟು ಮರಳು ಬೇಕು.